ಮದುವೆ ಕಾಗದಕ್ಕೇ ಹ್ಯಾಂಗ್ ಆಗುವ ಕಂಪ್ಯೂಟರ್

ಇವತ್ತು ಬೆಳಿಗ್ಗೆ ಕುಮಟೆಯ ನಮ್ಮ ಮನೆಯ ಕಂಪ್ಯೂಟರ್ ಇದ್ದಕ್ಕಿದ್ದಂತೆ ಹ್ಯಾಂಗ್ ಆಯಿತು. ಬಿಸಿಯಾದ ಧೂಳಿನ ವಾಸನೆ ಬೇರೆ. ಒಳಗಿನಿಂದ ಹೆಂಡತಿ, ‘ಎಂತ ಮುಟ್ಟಿದ್ರಿ?’ ಎಂದಳು. ನಾನು ಏನನ್ನೂ ಮುಟ್ಟಿರಲಿಲ್ಲ. ಚಹಾದ ಲೋಟ ಹಿಡಿದು ಕೂತಿದ್ದೆ, ಅಷ್ಟೆ. ನಿಮಗೂ ಅನುಭವವಿರಬಹುದು, ಯಂತ್ರ ಕೆಟ್ಟಾಗ ಹತ್ತಿರ ಇದ್ದವರೇ ಕೆಡಿಸಿದವರು. ಆ ವಾಸನೆಗೆ ನನಗೆ ಶಿರಾಲಿಯ ಅಕ್ಕನ ಜಗಲಿ ನೆನಪಾಯಿತು.

ವರ್ಷಗಳ ಹಿಂದೆ, ಭಾವ ತೀರಿಕೊಂಡ ಮೇಲೆ ಅಕ್ಕ ಜಗಲಿಯ ಮೂಲೆಯಲ್ಲಿ ಹಳೆಯ ಕಂಪ್ಯೂಟರೊಂದನ್ನು ಇಟ್ಟುಕೊಂಡು ಊರವರಿಗೆ ಟೈಪ್ ಮಾಡಿಕೊಡುತ್ತಿದ್ದಳು. ಅರ್ಜಿ, ಅಂಗಡಿಯ ಬೋರ್ಡು, ಕ್ರಿಕೆಟ್ ಪಂದ್ಯದ ಬ್ಯಾನರು, ಎಲ್ಲ ಸಲೀಸು. ಮದುವೆ ಕಾಗದಕ್ಕೆ, ಅಂದರೆ ಕರೆಯೋಲೆಗೆ, ಕೂತರೆ ಮಾತ್ರ ಪರದೆ ಗಪ್ಪನೆ ನಿಂತುಬಿಡುತ್ತಿತ್ತು. ಮೌಸ್ ಅಲ್ಲಾಡದು, ಕೀಲಿ ಕೇಳದು. ಬಂದ್ ಮಾಡಿ ಮೊದಲಿನಿಂದ ಶುರು ಮಾಡಬೇಕು, ಹೊಡೆದದ್ದೆಲ್ಲ ನೀರುಪಾಲು.

ಹೊನ್ನಾವರದಲ್ಲಿ ರಿಪೇರಿ ಅಂಗಡಿ ಇಟ್ಟಿದ್ದ ನನ್ನ ಗೆಳೆಯ ದಾಮು ಧೂಳು ಊದಿದ, ಫ್ಯಾನ್ ಬದಲಿಸಿದ, ಎಲ್ಲ ಅಳಿಸಿ ಹೊಸದಾಗಿ ತುಂಬಿಸಿದ. ಅವನ ಅಂಗಡಿಯಲ್ಲಿ ಅದು ದಿನವಿಡೀ ಸಿನಿಮಾ ಓಡಿಸಿತು. ‘ಇದಕ್ಕೆ ಎಂತದೂ ಆಗ್ಲಿಲ್ಲ ಮಾರಾಯ’ ಎಂದು ವಾಪಸು ಕೊಟ್ಟ. ಶಿರಾಲಿಗೆ ತಂದರೆ ಮತ್ತೆ ಅದೇ ಕತೆ. ನೆಂಟರಲ್ಲಿ ಕಂಪ್ಯೂಟರ್ ಬಲ್ಲವನೆಂದು ಪುಕ್ಕಟೆ ಹೆಸರು ಗಳಿಸಿದ ನಾನು, ‘ಪಂಪ್‌ಸೆಟ್ಟಿಗೂ ನಡುನಡುವೆ ವಿಶ್ರಾಂತಿ ಕೊಡೂದಿಲ್ವ? ಸ್ವಲ್ಪ ಹೊತ್ತು ಸುಮ್ಮನೆ ಬಿಡು’ ಎಂದು ಉಪದೇಶ ಮಾಡಿದೆ. ಹ್ಯಾಂಗ್ ಆಗುವುದು ಇನ್ನೂ ಹೆಚ್ಚಾಯಿತು.

ಊರಿನ ಬಾಯಿಗೆ ಇಷ್ಟು ಸಾಕಲ್ಲವೇ? ‘ಗಂಡ ಇಲ್ದವಳ ಕೈಯಲ್ಲಿ ಶುಭದ ಕಾಗದ ಮುಂದೆ ಹೋಗೂದಿಲ್ಲ’ ಎಂದು ಯಾರೋ ಅಂದರು. ಯಾರು ಮೊದಲು ಅಂದರೋ ತಿಳಿಯದು, ಮದುವೆ ಮನೆಯವರು ಬರುವುದು ಮಾತ್ರ ಕಡಿಮೆಯಾಯಿತು. ಅದಕ್ಕಿಂತ ಸಂಕಟವಾದದ್ದು ಅಕ್ಕನೇ ಅದನ್ನು ನಂಬತೊಡಗಿದ್ದು. ‘ಅರ್ಜಿಗೆ ಆಗೂದಿಲ್ಲ ತಮಾ, ಮದುವೆಗೇ ಎಂತಕ್ಕೆ ಆಗ್ತದೆ? ಇನ್ನೊಂದ್ಸಲ ಹಿಂಗಾದ್ರೆ ನಾ ಈ ಕೆಲಸವೇ ಬಿಡ್ತೆ’ ಎಂದಳು.  

ಮುಟ್ಟಳ್ಳಿಯ ಮಾದೇವಣ್ಣ ಮಗಳ ಮದುವೆ ಕಾಗದ ಮಾಡಿಸಲು ಹೆಂಡತಿಯ ಜೊತೆ ಬಂದ ದಿನ ನಾನೂ ಪಕ್ಕದಲ್ಲೇ ಕೂತೆ. ನಮ್ಮ ಕಡೆ ಮದುವೆ ಕಾಗದದಲ್ಲಿ ಹುಡುಗ ಹುಡುಗಿಯ ಹೆಸರಿಗೆ ಜಗಳವಿಲ್ಲ. ಜಗಳವೆಲ್ಲ ಕೆಳಗೆ ‘ಸುಖಾಗಮನ ಬಯಸುವವರು’ ಎಂದು ಅಚ್ಚಾಗುವ ನೆಂಟರದು.

‘ದೊಡ್ಡ ಮಾವನ ಹೆಸರು ಮೊದ್ಲು ಹಾಕು’ ಎಂದ ಮಾದೇವಣ್ಣ.

‘ಅದೆಂತಕ್ಕೆ? ನನ್ನ ಅಣ್ಣ ಎಂತ ಲೆಕ್ಕಕ್ಕೇ ಇಲ್ವ?’ ಎಂದಳು ಹೆಂಡತಿ.

ಗಂಡಹೆಂಡಿರ ಮಾತು ಏರಿತು. ಅಕ್ಕ ಕೈಕಟ್ಟಿ ಕಾದಳು. ನಾನು ಪರದೆಯ ಮೂಲೆಯ ಗಡಿಯಾರ ನೋಡಿದೆ: ನಿಂತಿತ್ತು, ಮೌಸೂ ಅಲ್ಲಾಡಲಿಲ್ಲ. ಮಾದೇವಣ್ಣನ ಹೆಂಡತಿ ಗಂಡನ ತೋಳು ಹಿಡಿದು, ‘ಬೇಡ, ಭಟ್ಕಳದಲ್ಲೇ ಮಾಡ್ಸುವ’ ಎಂದು ಎದ್ದಳು. ಅಕ್ಕ ತಲೆ ತಗ್ಗಿಸಿದಳು. 

ಆಗಲೇ ಹೊಳೆದದ್ದು. ಅರ್ಜಿ ಹೊಡೆಯುವಾಗ ಅಕ್ಕನ ಕೈ ನಿಲ್ಲುವುದೇ ಇಲ್ಲ. ಮದುವೆ ಕಾಗದದಲ್ಲಿ ಮಾತ್ರ, ನೆಂಟರ ಜಗಳ ಮುಗಿಯುವವರೆಗೆ ಕಂಪ್ಯೂಟರಿಗೆ ಕೆಲಸವಿಲ್ಲ! ‘ಒಂದು ಚಹಾ ಕುಡ್ಕಂಡು ಹೋಗಿ’ ಎಂದು ಅವರನ್ನು ಕೂರಿಸಿ ದಾಮುವಿಗೆ ಫೋನ್ ಹಚ್ಚಿದೆ.

‘ಸುಮ್ಮನಿದ್ದಾಗ ಹ್ಯಾಂಗ್ ಆಗ್ತದಾ? ಹಂಗಾರೆ ಬಯಾಸಿಗೆ ಹೋಗಿ ನೋಡು’ ಎಂದ.

ಬಯಾಸ್ ಎಂದರೆ ಕಂಪ್ಯೂಟರ್ ಶುರುವಾಗುವ ಮೊದಲೇ ಒಂದು ಕೀಲಿ ಒತ್ತಿದರೆ ತೆರೆಯುವ ನೀಲಿ ಪುಟ. ಯಂತ್ರದ ಮೂಲ ಕಟ್ಟುಪಾಡುಗಳೆಲ್ಲ ಅಲ್ಲಿರುತ್ತವೆ. ಕೆಲಸವಿಲ್ಲದಾಗ ಪ್ರೊಸೆಸರ್ ಕರೆಂಟು ಉಳಿಸಲು ವೇಗ ಇಳಿಸಿಕೊಳ್ಳುತ್ತದಂತೆ. ಈ ಮುದಿ ಯಂತ್ರ ಇಳಿದದ್ದು ಮತ್ತೆ ಏರಲಾರದೆ ಅಲ್ಲೇ ಕೂರುತ್ತಿತ್ತಂತೆ. ‘ಅಂತೆ’ ಎನ್ನುತ್ತಿದ್ದೇನೆ, ಯಾಕೆಂದರೆ ದಾಮುವಿಗೂ ಖಾತ್ರಿಯಿರಲಿಲ್ಲ. ‘ಅದು ಬಂದ್ ಮಾಡು... ಅಲ್ಲ ಅಲ್ಲ, ಅದ್ರ ಕೆಳಗಿಂದು’ ಎಂದು ಅವನು, ‘ಕೆಳಗೆ ಎರಡಿದಾವಲ್ಲೋ’ ಎಂದು ನಾನು. ಅಂತೂ ವೇಗ ಇಳಿಸುವ ಆ ಏರ್ಪಾಡನ್ನು ಬಂದ್ ಮಾಡಿದೆ.

ಮಾದೇವಣ್ಣ ದಂಪತಿ ಚಹಾ ಕುಡಿದು, ಬಿಟ್ಟಲ್ಲಿಂದ ಜಗಳ ಎತ್ತಿಕೊಂಡರು. ಮಾವ, ಅಣ್ಣ, ಮಿರ್ಜಾನದ ಸಣ್ಣಪ್ಪ, ಎಲ್ಲರ ಹೆಸರೂ ಬಂದು ಹೋದವು. ಗಡಿಯಾರ ನಡೆಯುತ್ತಲೇ ಇತ್ತು. ಕಾಗದ ಮುಗಿಯಿತು.

ಅವರು ಹೋದ ಮೇಲೆ ಅಕ್ಕ ನಗುತ್ತಾಳೆಂದುಕೊಂಡಿದ್ದೆ. ಅವಳು ಪರದೆಯನ್ನೇ ನೋಡುತ್ತ, ‘ಕಾರಣ ಸಿಕ್ತು, ಒಳ್ಳೇದಾತು. ಸಿಕ್ಕದೇ ಇದ್ದಿದ್ರೆ ತಪ್ಪು ನಂದೇ ಆಗ್ತಿತ್ತಲ್ಲ ತಮಾ?’ ಎಂದಳು. ನಾನು ಚಹಾದ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದೆ.

ಇದೆಲ್ಲ ನೆನಪಾಗಿ ಇವತ್ತು ಅಕ್ಕನಿಗೆ ಫೋನ್ ಮಾಡಿದೆ. ‘ಅಂದು ಕಾರಣ ಸಿಕ್ಕದಿದ್ರೂ ತಪ್ಪು ನಿಂದಾಗ್ತಿರ್ಲಿಲ್ಲ ಅಕ್ಕಾ’ ಎಂದೆ.

‘ಯಾವುದ್ರ ಮಾತಾ ಇದು?’ ಎಂದಳು. ವಿವರಿಸಿದೆ. ಆ ಕಡೆಯಿಂದ ಸದ್ದಿಲ್ಲ. ಲೈನು ಕಡಿಯಿತೇನೋ ಎಂದು ಎರಡು ಸಲ ‘ಹಲೋ’ ಎಂದೆ.

‘ಇಲ್ಲೇ ಇದ್ದೇನೆ ತಮಾ’ ಎಂದಳು ಅಕ್ಕ. ‘ಇನ್ನೊಂದ್ಸಲ ಹೇಳು.’