ಕಾನ್ಸೆಪ್ಟಾ ಬಾಯಿಯ ಉದ್ದಿನ ಗದ್ದೆಗೆ ಬಂದ ಜೀಪು

ಕಾನ್ಸೆಪ್ಟಾ ಬಾಯಿ ತಿಂಗಳಿಗೆ ಹನ್ನೆರಡು ದಿನ ಉಪವಾಸ ಮಾಡುತ್ತಾರೆಂದು ೧೯೭೮ರಲ್ಲಿ ನಾನು ಇಗರ್ಜಿಯ ಪತ್ರಿಕೆಯಲ್ಲಿ ಬರೆದುಬಿಟ್ಟೆ. ಅವರ ಮನೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲ್ ಗುರುತುಗಳನ್ನು ಕಂಡಿದ್ದೆ. ಈಸ್ಟರಿಗೆ ಮೊದಲಿನ ತಪಸ್ಸು ಕಾಲ ಬೇರೆ, ಉಪವಾಸದ ದಿನಗಳು. ಇನ್ನೆಂತ ಸಾಕ್ಷಿ ಬೇಕು?

ಮುಂದಿನ ಭಾನುವಾರ ಬಾಯಿ ನನ್ನನ್ನು ಇಗರ್ಜಿಯ ಮೆಟ್ಟಿಲಲ್ಲೇ ಹಿಡಿದರು. "ಎಂತ ಮಾಸ್ಟ್ರೇ, ನನ್ನ ಮನೆಯಲ್ಲಿ ಅನ್ನ ಇಲ್ಲ ಅಂತ ಊರಿಗೆಲ್ಲ ಸಾರಿದಿರಾ? ಮೂರು ಹೊತ್ತು ಉಣ್ಣುತ್ತೇನೆ ಮಾರಾಯ್ರೇ! ಆ ಗುರುತು ಕಡವೆಯದ್ದು."

ಕಾರ್ಕಳದಿಂದ ಮೂಡಕ್ಕೆ, ಕಾಡಿನ ಅಂಚಿನಲ್ಲಿ ಅವರ ಗದ್ದೆ. ಗಂಡ ತೀರಿಹೋಗಿ ಒಂಬತ್ತು ವರ್ಷ. ಭತ್ತ ಕೊಯ್ದ ಮೇಲೆ ಉದ್ದು ಬಿತ್ತುತ್ತಿದ್ದರು. ಆ ವರ್ಷ ಈಸ್ಟರ್ ಕಳೆದ ಮೇಲೆ ಮಗಳು ಜೆಸ್ಸಿಯ ಮದುವೆ. ಇಡ್ಲಿಯಂಥ ಸಾನ್ನ ಇಲ್ಲದೆ ನಮ್ಮಲ್ಲಿ ಮದುವೆ ಇಲ್ಲ; ಆ ಸಾನ್ನಕ್ಕೆ ಅಂಗಡಿಯ ಉದ್ದು ತರುವುದೆಂದರೆ ಅವರಿಗೆ ಅವಮಾನ. ಕಡವೆಗೂ ಅದೇ ಉದ್ದಿನ ಎಳೆ ಎಲೆಯ ಮೇಲೆ ಕಣ್ಣು.

ಒಂಟಿ ಹೆಂಗಸು ಇಡೀ ರಾತ್ರಿ ಕಾಯಲಿಕ್ಕಾಗುತ್ತದೆಯೇ? ಅದಕ್ಕೇ ಬಂದ ದಿನವನ್ನೆಲ್ಲ ಗುರುತು ಹಾಕಿ, ಎರಡು ವರ್ಷದಲ್ಲಿ ಒಂದು ಸಂಗತಿ ಕಂಡುಕೊಂಡಿದ್ದರು. ಬೆಳದಿಂಗಳಿರುವಷ್ಟು ಹೊತ್ತು ಕಡವೆ ಮರದ ನೆರಳು ಬಿಟ್ಟು ಬಯಲಿಗೆ ಇಳಿಯುವುದಿಲ್ಲ. ಶುಕ್ಲಪಕ್ಷದಲ್ಲಿ ಚಂದ್ರ ಮುಳುಗಿದ ಮೇಲೆ ಬರುತ್ತದೆ, ಕೃಷ್ಣಪಕ್ಷದಲ್ಲಿ ಚಂದ್ರ ಹುಟ್ಟುವ ಮೊದಲೇ ಬಂದು ಹೋಗುತ್ತದೆ. ಆ ಕತ್ತಲೆಯ ಹೊತ್ತಿಗೆ ಮಾತ್ರ ಎದ್ದು ಎಣ್ಣೆ ಡಬ್ಬ ಬಡಿಯುವುದು. ಉಳಿದ ಹೊತ್ತು ನಿದ್ದೆ.

ನನ್ನ ತಪ್ಪು ತಿದ್ದಬೇಕಲ್ಲ? ತಿದ್ದಿದೆ. ಮುಂದಿನ ಸಂಚಿಕೆಯಲ್ಲಿ ಕಡವೆ, ಚಂದ್ರ, ಗದ್ದೆ ಇರುವ ದಾರಿ, ಎಲ್ಲವನ್ನೂ ಒಂದೂವರೆ ಪುಟ ಬರೆದೆ. ಕಾರ್ಕಳದಲ್ಲಿ ಅದನ್ನು ಯಾರೂ ಓದಲಿಲ್ಲ. ಮಣಿಪಾಲದ ಲಿಯೋನೆಲ್ ಸಾಹೇಬರು ಓದಿದರು.

ಈ ಸಾಹೇಬರು ಯಾವುದೋ ಆಫೀಸಿನಲ್ಲಿ ದೊಡ್ಡ ಜನ. ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದ ಕೋವಿ ಉಂಟು. ಬೆಳೆ ಎಂದು ಅವರ ಅಂಗಳದಲ್ಲಿ ಇದ್ದದ್ದು ಎರಡು ಕುಂಡ ಗುಲಾಬಿ. ಕಡವೆ ಹೊಡೆಯಬಾರದೆಂದು ಕಾನೂನು ಬಂದು ಆರು ವರ್ಷವಾಗಿತ್ತು. ಕಾನೂನು ಅವರಂಥವರಿಗಲ್ಲ ಎಂದು ಅವರಿಗೆ ಯಾರು ಹೇಳಿದ್ದರೋ! ಅಮಾವಾಸ್ಯೆಯ ಸಂಜೆ ಮೂವರು ಗೆಳೆಯರನ್ನು ಜೀಪಿನಲ್ಲಿ ತುಂಬಿಕೊಂಡು, ಹಿರಿಯಡ್ಕದಲ್ಲಿ ಇಳಿದು ಬನ್ಸ್ ತಿಂದು, ಕತ್ತಲಾಗುವಾಗ ಬಂದರು. ಬಾಯಿಯನ್ನು ಒಂದು ಮಾತು ಕೇಳಲಿಲ್ಲ. ತೋಡಿನ ಬದಿಯ ಬದುವನ್ನು ಕಡಿದು ಜೀಪನ್ನು ಗದ್ದೆಗೇ ಇಳಿಸಿದರು. ತೋಡಿನ ನೀರು ನುಗ್ಗಿ ಅದು ಕೆಸರಲ್ಲಿ ಹೂತುಹೋಯಿತು. ಹಿಂದೆ, ಮುಂದೆ, ಎಡಕ್ಕೆ, ಬಲಕ್ಕೆ ತಿರುಗಿಸಿದರು. ಚಕ್ರದ ಅಡಿಗೆ ಉದ್ದಿನ ಗಿಡವನ್ನೇ ಕಿತ್ತು ಕಿತ್ತು ಹಾಸಿದರಂತೆ.

ಬೆಳಿಗ್ಗೆ ಬಾಯಿ ಹೇಳಿಕಳುಹಿಸಿದರೆಂದು ನಾನು ಓಡಿ ಹೋದೆ. ಗದ್ದೆ ಕೋಣ ಓಡಿಸಿದ ಹಾಗೆ ಆಗಿತ್ತು. ನಡುವೆ ಜೀಪು, ಅದಕ್ಕೆ ಒರಗಿಕೊಂಡು ಸಾಹೇಬರು. ಬದುವಿನ ಮೇಲೆ ಬಾಯಿ, ಕೈಯಲ್ಲಿ ಡಬ್ಬ. ನನ್ನನ್ನು ಕಂಡು, "ಬನ್ನಿ ಮಾಸ್ಟ್ರೇ, ಇದನ್ನೂ ಬರೆಯಿರಿ!" ಎಂದರು. ನಾನು ತಲೆ ಎತ್ತಲಿಲ್ಲ.

ಸಾಹೇಬರಿಗೆ ಅಂಥ ತೊಂದರೆ ಏನೂ ಇರಲಿಲ್ಲ. "ನಿಮ್ಮ ಲೆಕ್ಕ ಸರಿ ಇಲ್ಲ ಬಾಯಮ್ಮ," ಎಂದರು. "ಅಮಾವಾಸ್ಯೆಗೆ ಒಂದು ಬಾಲವೂ ಕಾಣಲಿಲ್ಲ. ಇನ್ನು ಯಾವ ದಿನ ಬಂದರೆ ಕಡವೆ ಸಿಗಬಹುದು?"

"ಯಾವ ದಿನವೂ ಇಲ್ಲ," ಎಂದರು ಬಾಯಿ. "ಅದಕ್ಕೆ ತಿನ್ನಲಿಕ್ಕೆ ನೀವು ಎಂತ ಉಳಿಸಿದ್ದೀರಿ?"