ವಿಶ್ವದ ಎಳೆಗಳ ಕುರಿತು ಮಾತಾಡಲು ಒಬ್ಬರು

ವಿಶ್ವ ಹುಟ್ಟಿ ತಣ್ಣಗಾಗುವಾಗ ಅದರಲ್ಲಿ ಬಿರುಕಿನಂಥ ತೆಳು ಎಳೆಗಳು ಉಳಿದಿರಬಹುದೆಂಬ ಊಹೆಯಿದೆ. ಯಾರೂ ಅವನ್ನು ಕಂಡಿಲ್ಲ. ಬೆಳಕಿನ ವೇಗಕ್ಕೆ ಸಮೀಪವಾಗಿ ಅವು ಹೇಗೆ ಬಳುಕಬಹುದೆಂಬ ಲೆಕ್ಕವನ್ನು ನಾನು ಸೊರಬದಲ್ಲಿ ಕುಳಿತು ಮಾಡುತ್ತೇನೆ. ಅದನ್ನು ಕನ್ನಡದಲ್ಲಿ ಚರ್ಚಿಸಲು ಒಬ್ಬರೂ ಸಿಕ್ಕಿರಲಿಲ್ಲ. ವಿಜ್ಞಾನವನ್ನು ಇಂಗ್ಲಿಷಿನ ಬೇಲಿಯೊಳಗಿಟ್ಟಿರುವುದು ಅನ್ಯಾಯವೆಂದು ಊರೂರಲ್ಲಿ ಸಾರಿದವಳು ನಾನು. ಆ ಅನ್ಯಾಯದಲ್ಲಿ ನನ್ನ ಪಾಲಿಗೆ ಬಂದದ್ದು ಈ ಒಂಟಿತನ. ಶಿಕಾರಿಪುರದ ಕಾಲೇಜೊಂದು ಉಪನ್ಯಾಸಕ್ಕೆ ಕರೆದಾಗ, ಒಬ್ಬರಾದರೂ ಸಿಕ್ಕಾರೆಂಬ ಆಸೆಯಿಂದ, ಎಳೆಯ ಬಳುಕು ತೋರಿಸಲು ದನ ಕಟ್ಟುವ ಉದ್ದನೆಯ ಹಗ್ಗವನ್ನು ಚೀಲದಲ್ಲಿಟ್ಟುಕೊಂಡು ಹೋದೆ.

ನಾನು ಟೀ ಕುಡಿದು ಬರುವಷ್ಟರಲ್ಲಿ ಆ ಹಗ್ಗದಿಂದ ವೇದಿಕೆಯ ಬ್ಯಾನರ್ ಕಟ್ಟಿದ್ದರು.

“ಅದು ಪ್ರಯೋಗಕ್ಕೆ ತಂದದ್ದು ರೀ,” ಎಂದೆ.

“ಈಗ ಬಿಚ್ಚಬೇಡ್ರಿ ಮೇಡಂ, ಅಧ್ಯಕ್ಷರ ಫೋಟೋ ಕೆಳಗೆ ಬೀಳ್ತದೆ,” ಎಂದರು ಸಂಘಟಕರು. “ಹಗ್ಗ ಅಂತೂ ಗಟ್ಟಿ ಐತಿ ಬಿಡ್ರಿ.”

ಸ್ವಾಗತ, ಪ್ರಾಸ್ತಾವಿಕ ನುಡಿ, ಸನ್ಮಾನ. ಶಾಲು ಹೊದಿಸಿಕೊಂಡವರೆಲ್ಲ ಗಂಡಸರು; ತಟ್ಟೆ ಹಿಡಿದು ನಿಂತವರೆಲ್ಲ ವಿದ್ಯಾರ್ಥಿನಿಯರು. ನನ್ನ ಸರದಿ ಬಂದಾಗ ಮೊದಲು ಅದನ್ನೇ ಹೇಳಿದೆ. ಚಪ್ಪಾಳೆ ತಟ್ಟಿದರು, ವಿರೋಧಿಸಿದ್ದರೆ ವಾಸಿಯಿತ್ತು. ಆಮೇಲೆ ಬರಿಗೈಯಲ್ಲಿ ಗಾಳಿಯ ಮೇಲೆ ಅಲೆ ಬರೆಯುತ್ತ ವಿವರಿಸಿದೆ: ಹಗ್ಗ ಎಳೆದಷ್ಟೂ ಬಿಗಿಯಾಗುತ್ತದೆ, ಈ ಎಳೆ ಎಷ್ಟು ಹಿಗ್ಗಿದರೂ ಅದರ ಬಿಗಿ ಅಷ್ಟೇ. ಅಷ್ಟರಲ್ಲಿ ಈಸೂರು, ಉಡುತಡಿ ಕಡೆಯ ಬಸ್ಸಿನ ಹೊತ್ತಾಗಿ ಹಿಂದಿನ ಸಾಲುಗಳು ಖಾಲಿಯಾದವು. ಹಳ್ಳಿಗಳಿಗೆ ಸಾಕಷ್ಟು ಬಸ್ಸು ಬಿಡದವರನ್ನು ದೂರಬೇಕು, ಮಕ್ಕಳನ್ನಲ್ಲ.

ವಂದನಾರ್ಪಣೆ ಮುಗಿದ ಮೇಲೆ ಭೌತಶಾಸ್ತ್ರದ ಅತಿಥಿ ಉಪನ್ಯಾಸಕಿಯೊಬ್ಬರು ಬಳಿಗೆ ಬಂದರು.

“ಮೇಡಂ, ಹಗ್ಗಕ್ಕಾದ್ರೆ ಶಾಯಿಯ ಗುರುತು ಹಾಕಬಹುದು. ಈ ಎಳೆ ಎಲ್ಲಾ ಕಡೆ ಒಂದೇ ಥರ ಇದ್ರೆ, ಉದ್ದಕ್ಕೆ ಜಾರಿದ್ದು ಹೆಂಗ್ರೀ ಗೊತ್ತಾಗಬೇಕು?”

“ಗೊತ್ತಾಗುವುದಿಲ್ಲ. ಆ ಚಲನೆಗೆ ಅರ್ಥವೇ ಇಲ್ಲ. ಅಡ್ಡ ಬಳುಕುವುದೊಂದೇ ನಿಜ.”

“ಎಳೆ ಬಿಟ್ಟು ಅಗಲ ಇರೋ ಪೊರೆ ತಗೊಂಡ್ರೂ ಇದೇ ಮಾತೇನ್ರೀ?”

“ಇದೇ ಮಾತು.” ಭಾನುವಾರ ಸೊರಬಕ್ಕೆ ಬನ್ನಿ, ಒಟ್ಟಿಗೆ ಲೆಕ್ಕ ಮಾಡೋಣ ಎಂದೆ.

“ಬರ್ತಿದ್ದೆ ರೀ. ಈ ಶನಿವಾರಕ್ಕೆ ನನ್ನ ಅವಧಿ ಮುಗೀತದ. ಬೀದರಿಗೆ ವಾಪಸ್, ಅಪ್ಪನ ಮನೀಗೆ.” ನಕ್ಕರು. “ಇದನ್ನೂ ವೇದಿಕೆ ಮ್ಯಾಲೆ ಬೈಬೇಕಿತ್ತು ನೀವು.”

ಬೇಕಾದಾಗ ಕರೆದು ಬೇಡವಾದಾಗ ಕೈಬಿಡುವ ಈ ವ್ಯವಸ್ಥೆಯ ವಿರುದ್ಧ ನಾನು ಎಷ್ಟೋ ಧರಣಿಗಳಲ್ಲಿ ಕೂತಿದ್ದೇನೆ. ಅಂದು ಅವರ ಫೋನ್ ನಂಬರನ್ನಷ್ಟೇ ಬರೆದುಕೊಂಡೆ.

ಸೊರಬದ ಬಸ್ಸಿನಲ್ಲಿ ನನ್ನ ಉತ್ತರ ಅರ್ಧ ಮಾತ್ರ ಎನ್ನುವುದು ಹೊಳೆಯಿತು. ಎಳೆಯ ಸಮೀಕರಣ ಬಿಡಿಸಲು ಬರುತ್ತದೆ; ಪೊರೆಯದು ಹಾಗೆ ಸುಲಭವಾಗಿ ಬಿಡಿಸಲು ಬರುವುದಿಲ್ಲ. ಆ ವಾರದ ಕೊನೆಯಲ್ಲಿ ಅದನ್ನು ಬರೆದು ಅವರಿಗೆ ಕಳಿಸಿದೆ. “ಮನ್ಯಾಗ ನೆಂಟರು ಇದ್ದಾರ ಮೇಡಂ, ಆಮ್ಯಾಲೆ ನೋಡ್ತೀನಿ,” ಎಂದು ಉತ್ತರ ಬಂತು. ಪೊರೆಯ ಲೆಕ್ಕವನ್ನು ಒಬ್ಬಳೇ ಮುಂದುವರಿಸಿದ್ದೇನೆ.