ಹಲಗೆಗೆ ಬಿಗಿದ ಬೆಲ್ಟು

ಬೆಲ್ಟು ಕಪ್ಪಗಿತ್ತು ಎಂದು ಬರೆದು ಹೊಡೆದುಹಾಕಿದೆ. ಕೆಂಪು ಎನ್ನುತ್ತಾಳೆ ತಂಗಿ. ಯಾವ ಬಣ್ಣವಾದರೂ ಇರಲಿ. ಅದನ್ನು ಬಿಗಿದವನು ಮೂರ್ಖ ಎಂಬುದರಲ್ಲಿ ನಮ್ಮಿಬ್ಬರಿಗೂ ತಕರಾರಿಲ್ಲ.

ಮೂರ್ಖ ಎಂದರೆ ನಮ್ಮ ಸೋದರಮಾವ. ಎಂಬತ್ತರ ದಶಕದ ಶುರುವಿನಲ್ಲಿ ಅಪ್ಪನ ಹತ್ತಿರ ಒಂದು ಮುದಿ ಲಾರಿ ಇತ್ತು, ನನಗಿಂತ ಹಿರಿಯದು. ಜೆ.ಪಿ. ನಗರದಲ್ಲಿ ಏಳುತ್ತಿದ್ದ ಮನೆಗಳಿಗೆ ಇಟ್ಟಿಗೆ ಹೊರುತ್ತಿತ್ತು. ಒಮ್ಮೆ ಬ್ರೇಕ್ ಹಾಕಿದಾಗ ಅಪ್ಪನ ಎದೆ ಸ್ಟೇರಿಂಗಿಗೆ ಬಡಿದು ಎರಡು ಪಕ್ಕೆಲುಬು ಮುರಿದವು. ಇನ್ನೊಂದು ಪೆಟ್ಟನ್ನು ಆ ಎದೆ ತಡೆಯಲಾರದು ಎಂದರು ಡಾಕ್ಟರು. ಬೆಲ್ಟಿಲ್ಲದೆ ಲಾರಿ ಹತ್ತಕೂಡದು ಎಂದಳು ಅಮ್ಮ. ಮಾವ ಗುಜರಿಯಿಂದ ಯಾವುದೋ ವಿದೇಶಿ ಕಾರಿನ ಬೆಲ್ಟು ತಂದ.

ಸೊಂಟದ ಎರಡು ತುದಿಗಳನ್ನು ಕ್ಯಾಬಿನ್ನಿನ ಅಡಿಯ ಕಬ್ಬಿಣದ ತೊಲೆಗೆ, ಭುಜದ ತುದಿಯನ್ನು ಹಿಂಬದಿಯ ಕಬ್ಬಿಣದ ಕಂಬಕ್ಕೆ ತೂತು ಕೊರೆದು ಬಿಗಿಯಬೇಕು ಎಂದೆ. ಆಗ ನಾನು ಪಾಲಿಟೆಕ್ನಿಕ್ಕಿನಲ್ಲಿದ್ದೆ.

“ಆಯುಧಪೂಜೇಲಿ ಕುಂಕುಮ ಇಟ್ಟಿರೋ ಕಬ್ಬಿಣ ಕಣೋ. ತೂತು ಹಾಕಿದ್ರೆ ಲಕ್ಷ್ಮಿ ಸೋರ್ಹೋಗ್ತಾಳೆ,” ಎಂದ ಮಾವ.

“ಲಕ್ಷ್ಮೀನ ಆಮೇಲೆ ಹಿಡ್ಕೊಳ್ಳೋಣ ಮಾವ, ಮೊದ್ಲು ಅಪ್ಪನ್ನ ಹಿಡೀಬೇಕು.”

“ಅಕ್ಕಾ, ನೋಡೇ ನಿನ್ ಮಗನ್ನ! ಎರಡು ಸಬ್ಜೆಕ್ಟು ಫೇಲಾಗಿ ಇಂಜಿನಿಯರ್ ಆಗ್ಬಿಟ್ಟ!”

ಎಲ್ಲರೂ ನಕ್ಕರು, ಅಪ್ಪನೂ. ನನ್ನ ಉತ್ತರ ಇಷ್ಟು ಚುರುಕಾಗಿತ್ತೇ? ಅನುಮಾನ. ನೆನಪು ನನ್ನ ದನಿಯನ್ನು ಏರಿಸಿರಬೇಕು. ಬಹುಶಃ ಬರೀ ಗೊಣಗಿದ್ದೆ.

ಮಾವ ಮೂರು ತುದಿಗಳನ್ನೂ ಸೀಟಿನ ಹಲಗೆಗೇ ಬಿಗಿದ. ಆ ಹಲಗೆಗೆ ಒಂದು ಮೊಳೆಯೂ ಇರಲಿಲ್ಲ. ಅಡಿಯಲ್ಲಿಟ್ಟ ಜಾಕು, ಪಾನಾ ಬೇಕಾದಾಗಲೆಲ್ಲ ಎತ್ತಿ ಪಕ್ಕಕ್ಕಿಡುವಂಥದ್ದು. ಎಷ್ಟೋ ಸಲ ಎತ್ತಿದವನು ಅವನೇ. ಬಕಲಿಗೆ ಕುಂಕುಮ, ಚಕ್ರಗಳಿಗೆ ನಿಂಬೆಹಣ್ಣು. ಅಪ್ಪ ಮದುಮಗನಂತೆ ನೆಟ್ಟಗೆ ಕೂತ.

ಒಂದು ವಾರವೂ ಆಗಿರಲಿಲ್ಲ. ಸಾರಕ್ಕಿ ಕೆರೆಯ ಬಳಿ ಎಮ್ಮೆಗಳು ಅಡ್ಡ ಬಂದವು. ಲಾರಿ ನಿಂತಿತು, ಹಲಗೆ ನಿಲ್ಲಲಿಲ್ಲ. ಹಲಗೆಗೆ ಕಟ್ಟಿಕೊಂಡಿದ್ದ ಅಪ್ಪ ಅದರ ಸಮೇತ ಸ್ಟೇರಿಂಗಿಗೆ ಬಡಿದ.

ಆಸ್ಪತ್ರೆಗೆ ಮಾವ ಎಳನೀರು ಹಿಡಿದು ಬಂದ. “ಭಾವ, ನೋಡ್ಕೊಂಡ್ ಬಂದೆ. ಬೆಲ್ಟು ಒಂದೆಳೆ ಹರಿದಿಲ್ಲ! ಫಾರಿನ್ ಮಾಲು ಅಂದ್ರೆ ಸುಮ್ನೇನಾ?”

ಅಪ್ಪ ಬದುಕಿದ, ಲಾರಿ ಓಡಿಸುವಷ್ಟು ಉಸಿರು ಮಾತ್ರ ಉಳಿಯಲಿಲ್ಲ. ಲಾರಿ ಮಾರಿದೆವು. ಕೊಂಡವನು ಕೇಳಿದನೆಂದು ನಾನೇ ತೊಲೆಗೂ ಕಂಬಕ್ಕೂ ತೂತು ಕೊರೆದು ಬೆಲ್ಟನ್ನು ಬಿಗಿದುಕೊಟ್ಟೆ. ಅರ್ಧ ಗಂಟೆಯ ಕೆಲಸ.